ಒಂದು 12, ಏಳು ಕಡೆ: ಜಾಂಗೋ ಆ್ಯಪ್‌ನಲ್ಲಿ ಒಂದೇ ವ್ಯಾಲ್ಯೂವನ್ನು ಮತ್ತೆ ಮತ್ತೆ ಬರೆಯದಿರುವುದು ಹೇಗೆ

2025ರ ಸೆಪ್ಟೆಂಬರ್ 22, ಸೋಮವಾರ. ನವರಾತ್ರಿಯ ಮೊದಲ ದಿನ. ಬಟ್ಟೆಯ ಜಿಎಸ್‌ಟಿ ಬದಲಾಗಿದ್ದೂ ಅವತ್ತೇ. ಅಲ್ಲಿಯವರೆಗೆ ಸಿದ್ಧ ಉಡುಪಿಗೆ ಪೀಸ್‌ಗೆ ₹1,000ದವರೆಗೆ ಶೇ 5, ಅದಕ್ಕಿಂತ ಮೇಲಿದ್ದರೆ ಶೇ 12 ಇತ್ತು. ಹೊಸ ಲೆಕ್ಕದಲ್ಲಿ ₹2,500ರವರೆಗೆ ಶೇ 5, ಅದು ದಾಟಿದರೆ ಶೇ 18. ಬಳ್ಳಾರಿಯ ಒಂದು ಜೀನ್ಸ್ ಘಟಕಕ್ಕೆ ನಾನೇ ಬರೆದುಕೊಟ್ಟ ಬಿಲ್ಲಿಂಗ್ ಆ್ಯಪ್ ಇದೆ. ಭಾನುವಾರ ರಾತ್ರಿಯೇ ಕೂತು 12 ಇದ್ದ ಕಡೆ ತಿದ್ದಿ, ಸರ್ವರ್‌ಗೆ ಕಳಿಸಿ, ನೆಮ್ಮದಿಯಾಗಿ ಮಲಗಿದ್ದೆ.

ಬುಧವಾರ ಫೋನ್ ಬಂತು. "ಸರ್, ಆರ್ಡರ್ ಸ್ಕ್ರೀನ್‌ನಾಗ ಒಂದು ಮೊತ್ತ ಐತಿ, ಪ್ರಿಂಟ್ ಆದ ಬಿಲ್‌ನಾಗ ಇನ್ನೊಂದು. ಯಾವುದು ಖರೇ?"

₹1,250ರ 40 ಪ್ಯಾಂಟು. ಬಿಲ್‌ನಲ್ಲಿ ತೆರಿಗೆ ₹2,500. ಸ್ಕ್ರೀನ್‌ನಲ್ಲಿ ₹6,000. ಎರಡು ದಿನ ಯಾರಿಗೂ ಯಾಕೆ ಗೊತ್ತಾಗಲಿಲ್ಲ ಅಂದರೆ, ಅವರ ಮಾಲು ಜಾಸ್ತಿ ಪಾಲು ₹1,000ದ ಒಳಗಿನದು. ಅದಕ್ಕೆ ಹಳೆಯ ಲೆಕ್ಕದಲ್ಲೂ ಶೇ 5, ಹೊಸ ಲೆಕ್ಕದಲ್ಲೂ ಶೇ 5. ದುಬಾರಿ ಮಾಲಿನ ಮೊದಲ ಆರ್ಡರ್ ಬಂದಾಗ ಬಣ್ಣ ಬಯಲಾಯಿತು.

ತಪ್ಪು ಪೂರ್ತಿ ನನ್ನದೇ. ಒಂದೇ ಅಂಕಿಯನ್ನು ಏಳು ಕಡೆ ಬರೆದಿಟ್ಟು, ಮೂರು ಕಡೆ ತಿದ್ದಿದ್ದೆ. ಆಮೇಲೆ ಆ ಆ್ಯಪ್ಪನ್ನು ಹೇಗೆ ಸರಿಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಜಾಂಗೋ (ಪೈಥಾನ್ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟಲು ಬಳಸುವ ಚೌಕಟ್ಟು) ಬಳಸಿದ್ದೇನೆ, ಉದಾಹರಣೆಗಳೂ ಅದರವೇ. ಕೋಡಿನ ಹೆಸರುಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಫೈಲ್‌ನಲ್ಲಿ ಮಾತ್ರ ಇಂಗ್ಲಿಷ್ ದೊಡ್ಡಕ್ಷರದಲ್ಲೇ ಟೈಪ್ ಮಾಡಿ. ಪೈಥಾನ್ 3ರಲ್ಲಿ ವೇರಿಯೇಬಲ್‌ಗೆ ಕನ್ನಡದ ಹೆಸರಿಟ್ಟರೂ ನಡೆಯುತ್ತದೆ ನಿಜ. ಆದರೆ ಜಾಂಗೋ ತನ್ನ ಸೆಟ್ಟಿಂಗ್ಸ್ ಫೈಲ್‌ನಿಂದ ದೊಡ್ಡಕ್ಷರದ ಹೆಸರುಗಳನ್ನಷ್ಟೇ ಎತ್ತಿಕೊಳ್ಳುತ್ತದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅಂತ ಇಲ್ಲವಲ್ಲ, ಹಾಗಾಗಿ ಕನ್ನಡದ ಹೆಸರು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಇದನ್ನೂ ನಾನು ಒಮ್ಮೆ ಮಾಡಿ ನೋಡಿಯೇ ಕಲಿತದ್ದು.

ಹಂತ 1: ಹುಡುಕಿ, ಆದರೆ ಈಗಲೇ ತಿದ್ದಬೇಡಿ

ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಗಿಟ್ ಗ್ರೆಪ್ (ಗಿಟ್‌ನಲ್ಲಿಟ್ಟ ಎಲ್ಲ ಫೈಲ್‌ಗಳಲ್ಲಿ ಹುಡುಕುವ ಕಮಾಂಡ್) ಕೊಟ್ಟು ಆ ಅಂಕಿ ಹುಡುಕಿ. ಬರೀ 12 ಅಂತ ಹುಡುಕಿದರೆ ನೂರಾರು ಸಾಲು ಬಂದು ಸುರಿಯುತ್ತವೆ. ಪೂರ್ತಿ ಪದ ಮಾತ್ರ ಬೇಕು ಅಂತ ಹೇಳಿದರೆ ಸಾಲು ಕಮ್ಮಿ ಆಗುತ್ತವೆ, ಆದರೆ ಕೆಲವು ತಪ್ಪಿಸಿಕೊಳ್ಳುತ್ತವೆ. ನನ್ನ ತಿಂಗಳ ರಿಪೋರ್ಟ್‌ನಲ್ಲಿ ತೆರಿಗೆ ಸೇರಿದ ಮೊತ್ತದಿಂದ ಮೂಲ ಬೆಲೆ ತೆಗೆಯಲು 100ರಿಂದ ಗುಣಿಸಿ 112ರಿಂದ ಭಾಗಿಸಿದ್ದೆ. ಆ 112ರೊಳಗೆ ಕೂತ 12 ಪೂರ್ತಿ ಪದದ ಹುಡುಕಾಟಕ್ಕೆ ಸಿಗುವುದಿಲ್ಲ.

ಅದಕ್ಕಿಂತ ಕಿಲಾಡಿಯಾದದ್ದು 6. ರಾಜ್ಯದೊಳಗಿನ ಮಾರಾಟದಲ್ಲಿ ಜಿಎಸ್‌ಟಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ ಅಂತ ಎರಡು ಸಾಲಾಗಿ ಬಿಲ್‌ನಲ್ಲಿ ಬರುತ್ತದೆ. ಪಿಡಿಎಫ್ ಟೆಂಪ್ಲೇಟ್‌ನಲ್ಲಿ ನಾನು 'ಸಿಜಿಎಸ್‌ಟಿ 6, ಎಸ್‌ಜಿಎಸ್‌ಟಿ 6' ಅಂತ ಕೈಯಾರೆ ಬರೆದಿದ್ದೆ. 12ರ ಮಗ, ಆದರೆ ಮುಖ ಬೇರೆ. ಆದ್ದರಿಂದ ಅಂಕಿ ಒಂದನ್ನೇ ನಂಬಬೇಡಿ. ಹೆಸರಿನಿಂದಲೂ ಹುಡುಕಿ: ಜಿಎಸ್‌ಟಿ, ಟ್ಯಾಕ್ಸ್, ರೇಟ್, ಪರ್ಸೆಂಟ್. ಅರ್ಧ, ದುಪ್ಪಟ್ಟು, ನೂರರ ಮೇಲೆ ಕೂಡಿದ್ದು, ದಶಮಾಂಶದಲ್ಲಿ ಬರೆದದ್ದು, ಎಲ್ಲವನ್ನೂ ನೋಡಿ.

ಸಿಕ್ಕಿದ್ದನ್ನು ಹಾಳೆಯ ಮೇಲೆ ಬರೆಯಿರಿ. ಯಾವ ಫೈಲ್, ಯಾವ ಸಾಲು, ಯಾಕೆ ಇದೆ. 'ಯಾಕೆ' ಅನ್ನುವ ಕಾಲಂ ಬಹಳ ಮುಖ್ಯ. ನನ್ನ ಹಾಳೆಯಲ್ಲಿ ಬಂದ ಏಳು ಇವು: ಮಾಡೆಲ್‌ನ ತೆರಿಗೆ ಫಂಕ್ಷನ್, ಬಿಲ್‌ನ ಪಿಡಿಎಫ್, ಬಿಲ್ ಸ್ಕ್ರೀನ್ ಮೇಲಿನ 'ಜಿಎಸ್‌ಟಿ ಶೇ 12' ಅನ್ನುವ ಬರಹ, ಆರ್ಡರ್ ಸ್ಕ್ರೀನ್‌ನ ಜಾವಾಸ್ಕ್ರಿಪ್ಟ್, ತಿಂಗಳ ರಿಪೋರ್ಟ್, ಗಿರಾಕಿಗೆ ಹೋಗುವ ವಾಟ್ಸ್‌ಆ್ಯಪ್ ಮೆಸೇಜು, ಮತ್ತೆ ಒಂದು ಟೆಸ್ಟ್ (ಲೆಕ್ಕ ಸರಿ ಇದೆಯೇ ಅಂತ ಪರೀಕ್ಷಿಸುವ ಕೋಡ್). ಮೊದಲ ಮೂರನ್ನು ತಿದ್ದಿದ್ದೆ. ಟೆಸ್ಟ್ ಓಡಿಸಿದ್ದರೆ ಅದಾದರೂ ಕಿರುಚುತ್ತಿತ್ತು. ಭಾನುವಾರ ರಾತ್ರಿ ಅಲ್ವಾ, ಓಡಿಸಿರಲಿಲ್ಲ.

ಎಂಟನೆಯದೂ ಒಂದು ಸಿಕ್ಕಿತು. ಅದಕ್ಕೆ ಕೈ ಹಚ್ಚದೆ ಬಿಟ್ಟಿದ್ದೇ ಪುಣ್ಯ. ಜೀನ್ಸ್ ಮಾಲು ಕಟ್ಟುವುದು ಡಜನ್ ಲೆಕ್ಕದಲ್ಲಿ. ಪ್ಯಾಕಿಂಗ್ ಸ್ಲಿಪ್ ಮಾಡುವ ಕೋಡ್‌ನಲ್ಲಿ 'ಒಟ್ಟು ಪೀಸ್ ಭಾಗಿಸು 12' ಅಂತ ಇತ್ತು. ಎಲ್ಲ 12ನ್ನೂ ಒಂದೇ ಏಟಿಗೆ ಬದಲಿಸುವ ಬಟನ್ ಒತ್ತಿದ್ದರೆ ಬಳ್ಳಾರಿಯಲ್ಲಿ ಡಜನ್‌ಗೆ ಐದೇ ಪ್ಯಾಂಟು ಬರುತ್ತಿದ್ದವು! ಅಂಕಿ ಒಂದೇ ಇದೆ ಅಂತ ವಿಷಯವೂ ಒಂದೇ ಆಗಬೇಕಿಲ್ಲ. ಒಂದು ಬದಲಾದಾಗ ಇನ್ನೊಂದೂ ಬದಲಾಗಲೇಬೇಕು ಅನ್ನುವಂತಿದ್ದರೆ ಮಾತ್ರ ಅದು ಪುನರಾವರ್ತನೆ. ಇಲ್ಲದಿದ್ದರೆ ಸುಮ್ನೆ ಕಾಕತಾಳೀಯ. ಶೇ 5 ಜಿಎಸ್‌ಟಿ ಮತ್ತು ಹಳೆಯ ಗಿರಾಕಿಗೆ ಕೊಡುವ ಶೇ 5 ರಿಯಾಯಿತಿ ಕೂಡ ಹೀಗೆಯೇ. ಇವೆರಡನ್ನೂ ಒಂದೇ ಹೆಸರಿನಡಿ ತಂದರೆ ಮುಂದೊಂದು ದಿನ ಸರ್ಕಾರ ತೆರಿಗೆ ಏರಿಸಿದಾಗ ರಿಯಾಯಿತಿಯೂ ಏರಿ ಕೂರುತ್ತದೆ.

ಹಂತ 2: ಇದನ್ನು ಬದಲಿಸುವವರು ಯಾರು?

ಹಾಳೆಗೆ ಇನ್ನೊಂದು ಕಾಲಂ ಎಳೆಯಿರಿ. ಪ್ರತಿ ವ್ಯಾಲ್ಯೂ ಮುಂದೆ, ಅದನ್ನು ಬದಲಿಸುವವರು ಯಾರು ಅಂತ ಬರೆಯಿರಿ. ವ್ಯಾಲ್ಯೂ ಎಲ್ಲಿರಬೇಕು ಅನ್ನುವುದು ಅದರಿಂದಲೇ ತೀರ್ಮಾನವಾಗುತ್ತದೆ.

ಕಂಪ್ಯೂಟರ್ ಬದಲಾದರೆ ಬದಲಾಗುವಂಥದ್ದು, ಅಂದರೆ ಡೇಟಾಬೇಸ್ ಪಾಸ್‌ವರ್ಡ್, ಸೈಟ್‌ನ ವಿಳಾಸ, ಡೀಬಗ್ ಇರಬೇಕೋ ಬೇಡವೋ ಅನ್ನುವುದು, ಎನ್ವಿರಾನ್ಮೆಂಟ್‌ನಲ್ಲಿ (ಕೋಡ್‌ನ ಹೊರಗೆ, ಆ ಕಂಪ್ಯೂಟರ್‌ನಲ್ಲೇ ವ್ಯಾಲ್ಯೂ ಇಡುವ ಜಾಗ) ಇರಲಿ. ಎಲ್ಲ ಕಂಪ್ಯೂಟರ್‌ನಲ್ಲೂ ಒಂದೇ ಇದ್ದು, ಕೋಡ್ ಬರೆಯುವವರೇ ಬದಲಿಸುವಂಥದ್ದು (ಟೈಮ್ ಝೋನ್, ಒಂದು ಪುಟಕ್ಕೆ ಎಷ್ಟು ಸಾಲು) ಸೆಟ್ಟಿಂಗ್ಸ್ ಫೈಲ್‌ನಲ್ಲಿ. ಸಾವ್ಕಾರರೋ ಸರ್ಕಾರವೋ ಬದಲಿಸುವಂಥದ್ದು ಡೇಟಾಬೇಸ್‌ನಲ್ಲಿ. ಇನ್ನೊಂದರಿಂದ ಲೆಕ್ಕ ಹಾಕಬಹುದಾದದ್ದನ್ನು ಎಲ್ಲೂ ಬರೆಯುವುದೇ ಬೇಡ.

ನನ್ನ ದೊಡ್ಡ ತಪ್ಪು ಇದ್ದದ್ದು ಇಲ್ಲೇ. ಜಿಎಸ್‌ಟಿ ದರವನ್ನು ನಾನು ಸೆಟ್ಟಿಂಗ್ ಅಂದುಕೊಂಡಿದ್ದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಜವಾದ ಸೆಟ್ಟಿಂಗ್‌ಗಳು.

ಹಂತ 3: ಸೆಟ್ಟಿಂಗ್ಸ್ ಫೈಲ್‌ನಲ್ಲಿ ಒಂದರಿಂದ ಇನ್ನೊಂದನ್ನು ಹುಟ್ಟಿಸಿ

ಜಾಂಗೋ ಸೆಟ್ಟಿಂಗ್ಸ್ ಅಂದರೆ ಮಾಮೂಲಿ ಪೈಥಾನ್ ಫೈಲ್. ಮೇಲಿಂದ ಕೆಳಗೆ ಓಡುತ್ತದೆ. ಅಂದಮೇಲೆ ಮೇಲೆ ಬರೆದದ್ದನ್ನು ಕೆಳಗೆ ಬಳಸಬಹುದು. ಹೊಸ ಪ್ರಾಜೆಕ್ಟ್ ಶುರು ಮಾಡಿದಾಗ ಜಾಂಗೋನೇ 'ಬೇಸ್ ಡಿರ್' (ಪ್ರಾಜೆಕ್ಟ್ ಫೋಲ್ಡರ್‌ನ ಪಾತ್) ಅಂತ ಒಂದು ಕೊಟ್ಟು ದಾರಿ ತೋರಿಸಿರುತ್ತದೆ. ಆದರೂ 'ಹೋಮ್, ಉಬುಂಟು, ಪ್ರಾಜೆಕ್ಟ್, ಮೀಡಿಯಾ' ಅಂತ ಪೂರ್ತಿ ಪಾತ್ ನಾಲ್ಕು ಸಲ ಬರೆದ ಫೈಲ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹೆಚ್ಚು ಜನ ಎಡವುವುದು ಸೈಟ್ ವಿಳಾಸದಲ್ಲಿ. ಅದು 'ಅಲೌಡ್ ಹೋಸ್ಟ್ಸ್' (ಆ್ಯಪ್ ಯಾವ ವಿಳಾಸಕ್ಕೆ ಉತ್ತರಿಸಬಹುದು ಅನ್ನುವ) ಪಟ್ಟಿಯಲ್ಲಿ ಬೇಕು, ಅಲ್ಲಿ ಬರೀ ಹೆಸರು. 'ಸಿಎಸ್‌ಆರ್‌ಎಫ್ ಟ್ರಸ್ಟೆಡ್ ಒರಿಜಿನ್ಸ್' (ಯಾವ ವಿಳಾಸದಿಂದ ಬಂದ ಫಾರ್ಮ್ ನಂಬಬಹುದು ಅನ್ನುವ) ಪಟ್ಟಿಯಲ್ಲೂ ಬೇಕು. ಜಾಂಗೋ 4.0 ಬಂದ ಮೇಲೆ ಅಲ್ಲಿ ಮುಂದೆ ಎಚ್‌ಟಿಟಿಪಿಎಸ್ (ಅಥವಾ ಎಚ್‌ಟಿಟಿಪಿ) ಇರಲೇಬೇಕು. ಜೊತೆಗೆ ಮೇಲ್‌ನಲ್ಲಿ ಕಳಿಸುವ ಲಿಂಕ್‌ಗಳಲ್ಲೂ ಅದೇ ವಿಳಾಸ ಬರುತ್ತದೆ. ಡೊಮೇನ್ ಬದಲಾದ ದಿನ ಮೊದಲನೆಯದನ್ನು ತಿದ್ದಿ ಎರಡನೆಯದನ್ನು ಮರೆತರೆ ಸೈಟ್ ಚೆನ್ನಾಗಿಯೇ ತೆರೆಯುತ್ತದೆ. ಲಾಗಿನ್ ಬಟನ್ ಒತ್ತಿದಾಗ ಮಾತ್ರ 403, ಅಂದರೆ 'ಅನುಮತಿ ಇಲ್ಲ' ಅನ್ನುವ ಎರರ್, ಬರಬಹುದು. ಆ್ಯಪ್ ಮುಂದೆ ಎನ್‌ಜಿನ್‌ಎಕ್ಸ್ (ಬ್ರೌಸರ್‌ನ ಕೋರಿಕೆ ಪಡೆದು ಆ್ಯಪ್‌ಗೆ ದಾಟಿಸುವ ವೆಬ್ ಸರ್ವರ್) ಇಟ್ಟುಕೊಂಡವರಿಗೆ ಈ ಕಾಟ ಜಾಸ್ತಿ.

ಮಾಡಬೇಕಾದದ್ದು ಇಷ್ಟೇ. ಫೈಲ್‌ನ ತಲೆಯಲ್ಲಿ 'ಸೈಟ್ ಹೋಸ್ಟ್' ಅಂತ ಒಂದೇ ಹೆಸರು ಇಡಿ. ಅಲೌಡ್ ಹೋಸ್ಟ್ಸ್ ಅಂದರೆ ಅದು ಇರುವ ಪಟ್ಟಿ. ಟ್ರಸ್ಟೆಡ್ ಒರಿಜಿನ್ಸ್ ಅಂದರೆ ಅದರ ಮುಂದೆ ಎಚ್‌ಟಿಟಿಪಿಎಸ್ ಸೇರಿಸಿದ ಪಟ್ಟಿ. ಲಿಂಕ್‌ಗಳಿಗೆ ಬೇಕಾದ 'ಸೈಟ್ ಯುಆರ್‌ಎಲ್' ಕೂಡ ಅದರಿಂದಲೇ. ಒಂದು ಮೂಲ, ಮೂರು ಮಕ್ಕಳು.

ರೆಡಿಸ್‌ಗೂ (ಮೆಮರಿಯಲ್ಲೇ ಡೇಟಾ ಇಡುವ ಡೇಟಾಬೇಸ್) ಇದೇ ಉಪಾಯ. ಕ್ಯಾಶ್‌ಗೊಮ್ಮೆ, ಹಿನ್ನೆಲೆಯಲ್ಲಿ ಕೆಲಸ ಓಡಿಸುವ ಸೆಲೆರಿಗೊಮ್ಮೆ ಅದೇ ವಿಳಾಸ, ಅದೇ 6379 ಪೋರ್ಟ್ ಬರೆಯುವ ಬದಲು ಮೇಲೆ ಒಂದೇ ಬರೆದು, ಕೊನೆಯ ಡೇಟಾಬೇಸ್ ನಂಬರ್ ಮಾತ್ರ 0, 1 ಅಂತ ಬದಲಿಸಿ. ಮೇಲ್ ವಿಳಾಸವೂ ಅಷ್ಟೇ: ಗಿರಾಕಿಗೆ ಹೋಗುವ ಮೇಲ್‌ಗೆ 'ಡಿಫಾಲ್ಟ್ ಫ್ರಮ್ ಈಮೇಲ್', ಎರರ್ ಮೇಲ್‌ಗೆ 'ಸರ್ವರ್ ಈಮೇಲ್'. ಎರಡನೆಯದಕ್ಕೆ ಮೊದಲನೆಯದನ್ನೇ ಕೊಟ್ಟರೆ ಆಯಿತು.

ಹಾಗಂತ ಎಲ್ಲದಕ್ಕೂ ಒಂದೊಂದು ಹೆಸರು ಕೊಡುತ್ತಾ ಹೋಗಬೇಡಿ. ಒಂದೇ ಕಡೆ ಬಳಸುವ ಅಂಕಿಯನ್ನು ಸೆಟ್ಟಿಂಗ್ಸ್‌ಗೆ ಸಾಗಿಸಿದರೆ ಓದುವವರು ಎರಡು ಫೈಲ್ ತೆರೆಯಬೇಕು, ಲಾಭ ಏನೂ ಇಲ್ಲ. ಡಜನ್‌ನ 12 ಈಗಲೂ ಪ್ಯಾಕಿಂಗ್ ಕೋಡ್‌ನ ತಲೆಯಲ್ಲೇ, ತನ್ನದೇ ಹೆಸರಲ್ಲಿ ಕೂತಿದೆ.

ಟೈಮ್ ಝೋನ್ ಬಗ್ಗೆ ಒಂದು ಮಾತು. ಜಾಂಗೋ ಹುಟ್ಟಿದ್ದು ಅಮೆರಿಕದ ಕನ್ಸಾಸ್‌ನ ಲಾರೆನ್ಸ್ ಊರಿನ ಒಂದು ದಿನಪತ್ರಿಕೆಯ ಆಫೀಸ್‌ನಲ್ಲಿ. 2005ರಲ್ಲಿ ಎಲ್ಲರಿಗೂ ಬಿಟ್ಟರು. ಅದರ ಗುರುತು ಇನ್ನೂ ಉಳಿದಿದೆ. ಸೆಟ್ಟಿಂಗ್ಸ್‌ನಿಂದ ಟೈಮ್ ಝೋನ್ ಸಾಲನ್ನು ಪೂರ್ತಿ ಅಳಿಸಿದರೆ ಜಾಂಗೋ 'ಅಮೆರಿಕ, ಶಿಕಾಗೋ' ಸಮಯ ಹಿಡಿಯುತ್ತದೆ. ಹೊಸ ಪ್ರಾಜೆಕ್ಟ್‌ನ ಫೈಲ್‌ನಲ್ಲಿ ಯುಟಿಸಿ ಬರೆದಿರುತ್ತದೆ. ಅದನ್ನು 'ಏಷ್ಯಾ, ಕೋಲ್ಕತ್ತಾ' ಮಾಡಿ, ಒಂದೇ ಸಲ. ಆಮೇಲೆ ಕೋಡ್‌ನಲ್ಲಿ ಐದೂವರೆ ಗಂಟೆ ಕೂಡಿಸುವ, ಕಳೆಯುವ ಸಾಲು ಎಲ್ಲಾದರೂ ಕಂಡರೆ ತೆಗೆದುಹಾಕಿ. ಅದೂ ಅದೇ ವ್ಯಾಲ್ಯೂ, ವೇಷ ಮರೆಸಿಕೊಂಡದ್ದು.

ಹಂತ 4: ಎನ್ವಿರಾನ್ಮೆಂಟ್‌ನಿಂದ ಓದುವಾಗ

ಪಾಸ್‌ವರ್ಡ್, ಸೀಕ್ರೆಟ್ ಕೀ, ಸೈಟ್ ಹೋಸ್ಟ್ ಎಲ್ಲ ಎನ್ವಿರಾನ್ಮೆಂಟ್‌ನಿಂದ ಬರಲಿ. ಡಾಟ್ ಎನ್ವ್ ಫೈಲ್‌ನಲ್ಲಿ ಇಟ್ಟು, ಆ ಫೈಲ್ ಗಿಟ್‌ಗೆ ಹೋಗದಂತೆ ನೋಡಿಕೊಳ್ಳಿ. ಹೆಸರುಗಳು ಮಾತ್ರ ಇರುವ ಒಂದು ಸ್ಯಾಂಪಲ್ ಫೈಲ್ ಗಿಟ್‌ನಲ್ಲಿ ಇರಲಿ. ಹೊಸದಾಗಿ ಕೆಲಸಕ್ಕೆ ಸೇರಿದವರು ಅದನ್ನು ನೋಡಿ ತುಂಬಿಸಿಕೊಳ್ಳುತ್ತಾರೆ.

ಇಲ್ಲಿ ಒಂದು ಹಳೆಯ ಬಲೆ ಇದೆ. ಎನ್ವಿರಾನ್ಮೆಂಟ್‌ನಿಂದ ಬರುವುದೆಲ್ಲ ಅಕ್ಷರಗಳ ಸಾಲು. 'ಡೀಬಗ್ = ಫಾಲ್ಸ್' ಅಂತ ಬರೆದು, ಪೈಥಾನ್‌ನಲ್ಲಿ ಅದನ್ನು ಬೂಲ್‌ಗೆ (ಟ್ರೂ ಅಥವಾ ಫಾಲ್ಸ್ ಹೇಳುವ ಫಂಕ್ಷನ್) ಕೊಟ್ಟರೆ ಉತ್ತರ ಟ್ರೂ! ಪೈಥಾನ್ ಲೆಕ್ಕದಲ್ಲಿ ಖಾಲಿ ಇಲ್ಲದ ಯಾವ ಅಕ್ಷರ ಸಾಲಾದರೂ ಟ್ರೂನೇ. 'ಬೇಡ' ಅಂತ ಬರೆದ ಚೀಟಿ ಕೊಟ್ಟರೆ, ಚೀಟಿ ಬಂತಲ್ಲ, ಅಂದಮೇಲೆ ಬೇಕು ಅಂದ ಹಾಗೆ. ಡೀಬಗ್ ಆನ್ ಆಗಿ ಸರ್ವರ್‌ನಲ್ಲಿ ಕೂತರೆ ಎರರ್ ಪುಟದಲ್ಲಿ ನಿಮ್ಮ ಕೋಡ್ ಲೋಕಕ್ಕೆಲ್ಲ ಕಾಣುತ್ತದೆ. ಆದ್ದರಿಂದ ಆ ಅಕ್ಷರ 'ಟ್ರೂ'ಗೆ ಸಮವೇ ಅಂತ ಹೋಲಿಸಿ ನೋಡಿ, ಅಥವಾ ಜಾಂಗೋ ಎನ್ವಿರಾನ್ ಥರದ ಸಣ್ಣ ಪ್ಯಾಕೇಜ್ ಬಳಸಿ.

ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಎನ್ವಿರಾನ್ಮೆಂಟ್‌ನಲ್ಲಿ ವ್ಯಾಲ್ಯೂ ಇಲ್ಲದಿದ್ದರೆ ಇದನ್ನು ಬಳಸು ಅಂತ ಡಿಫಾಲ್ಟ್ ಕೊಡುವುದುಂಟು. ಪಾಸ್‌ವರ್ಡ್, ಹೋಸ್ಟ್ ಥರದವಕ್ಕೆ ಹಾಗೆ ಕೊಡಬೇಡಿ. ಡಿಫಾಲ್ಟ್ ಅಂದರೆ ಅದೇ ವ್ಯಾಲ್ಯೂ ಇನ್ನೊಂದು ಕಡೆ ಬರೆದ ಹಾಗೇ ಅಲ್ವಾ? 'ಗೆಟ್' ಬಿಟ್ಟು ಚೌಕ ಬ್ರಾಕೆಟ್‌ನಲ್ಲಿ ಓದಿ. ಇಲ್ಲದಿದ್ದರೆ ಆ್ಯಪ್ ಏಳುವುದೇ ಇಲ್ಲ, ಯಾವ ಹೆಸರು ಇಲ್ಲ ಅಂತ ಹೇಳಿ ಅಲ್ಲೇ ಬೀಳುತ್ತದೆ. ತಪ್ಪು ಡೇಟಾಬೇಸ್‌ಗೆ ಬಿಲ್ ಬರೆಯುತ್ತಾ ಕೂರುವುದಕ್ಕಿಂತ ಬಾಗಿಲಲ್ಲೇ ಬೀಳುವುದು ವಾಸಿ.

ಲಾರಾವೆಲ್ (ಪಿಎಚ್‌ಪಿ ಭಾಷೆಯ ಚೌಕಟ್ಟು) ಬಳಸುವವರಿಗೂ ಒಂದು ಸಾಲು: ಎನ್ವ್ ಫಂಕ್ಷನ್ನನ್ನು ಕಾನ್ಫಿಗ್ ಫೈಲ್‌ಗಳ ಒಳಗೆ ಮಾತ್ರ ಕರೆಯಿರಿ. ಕಾನ್ಫಿಗ್ ಕ್ಯಾಶ್ ಮಾಡಿದ ಮೇಲೆ ಲಾರಾವೆಲ್ ಡಾಟ್ ಎನ್ವ್ ಫೈಲ್ ಓದುವುದೇ ಇಲ್ಲ. ಕಂಟ್ರೋಲರ್‌ನಲ್ಲಿ ಕರೆದಿದ್ದರೆ ಅಲ್ಲಿ ಖಾಲಿ ಬರುತ್ತದೆ.

ಹಂತ 5: ಬೇಸ್, ಲೋಕಲ್, ಸರ್ವರ್ ಅಂತ ಫೈಲ್ ಒಡೆದರೆ

ಸೆಟ್ಟಿಂಗ್ಸ್ ಒಂದೇ ಫೈಲ್‌ನಲ್ಲಿ ಉದ್ದವಾಯಿತು ಅಂತ ಬಹಳ ಜನ ಮೂರು ಮಾಡುತ್ತಾರೆ. ಬೇಸ್‌ನಲ್ಲಿ ಎಲ್ಲರಿಗೂ ಬೇಕಾದದ್ದು. ಸರ್ವರ್ ಫೈಲ್ ಮೊದಲು ಬೇಸ್‌ನಿಂದ ಎಲ್ಲವನ್ನೂ ತಂದುಕೊಂಡು, ಬೇಕಾದ್ದನ್ನು ಬದಲಿಸುತ್ತದೆ. ಒಳ್ಳೆಯ ಪದ್ಧತಿ. ಆದರೆ ಮೂರನೇ ಹಂತದ ಉಪಾಯ ಇಲ್ಲಿ ತಿರುಗಿಬೀಳುತ್ತದೆ. ನೋಡಿ.

ಬೇಸ್‌ನಲ್ಲಿ ಹೀಗಿದೆ:
ಸೈಟ್ ಹೋಸ್ಟ್ = 'ಲೋಕಲ್‌ಹೋಸ್ಟ್'
ಅಲೌಡ್ ಹೋಸ್ಟ್ಸ್ = [ಸೈಟ್ ಹೋಸ್ಟ್]

ಸರ್ವರ್ ಫೈಲ್‌ನಲ್ಲಿ ಹೀಗೆ:
ಬೇಸ್‌ನಿಂದ ಎಲ್ಲ ತಾ
ಸೈಟ್ ಹೋಸ್ಟ್ = 'ನಮ್ಮ ನಿಜವಾದ ಡೊಮೇನ್'

ಈಗ ಅಲೌಡ್ ಹೋಸ್ಟ್ಸ್ ಏನು? ಇನ್ನೂ ಲೋಕಲ್‌ಹೋಸ್ಟ್. ಬೇಸ್ ಫೈಲ್ ಓಡಿದಾಗಲೇ ಆ ಪಟ್ಟಿ ಕಟ್ಟಿ ಮುಗಿದಿದೆ. ಆಮೇಲೆ ಹೋಸ್ಟ್ ಬದಲಿಸಿದರೆ ಪಟ್ಟಿ ತಿರುಗಿಯೂ ನೋಡುವುದಿಲ್ಲ. ಇದು ಎಕ್ಸೆಲ್ ಶೀಟ್ ಅಲ್ಲ, ಒಂದು ಸೆಲ್ ತಿದ್ದಿದರೆ ಉಳಿದವು ತಾವೇ ಬದಲಾಗಲು. ಇದನ್ನು ನೋಡಿ ಗಾಬರಿಯಾದವರು ಸರ್ವರ್ ಫೈಲ್‌ನಲ್ಲಿ ಅಲೌಡ್ ಹೋಸ್ಟ್ಸ್ ಮತ್ತೊಮ್ಮೆ ಬರೆಯುತ್ತಾರೆ. ಆಯಿತಲ್ಲ, ಎಲ್ಲಿಂದ ಹೊರಟಿದ್ದೆವೋ ಅಲ್ಲಿಗೇ ವಾಪಸ್ಸು.

ಸರಿಯಾದ ದಾರಿ: ಸೈಟ್ ಹೋಸ್ಟ್ ಬೇಸ್ ಫೈಲ್‌ನ ಮೊದಲ ಸಾಲುಗಳಲ್ಲೇ ಎನ್ವಿರಾನ್ಮೆಂಟ್‌ನಿಂದ ಬರಲಿ. ಅದರ ಕೆಳಗೆ ಹುಟ್ಟುವವು ತಾವಾಗಿ ಸರಿಯಾಗಿ ಹುಟ್ಟುತ್ತವೆ. ಹೀಗೆ ಮಾಡಿದ ಮೇಲೆ ನನ್ನ ಸರ್ವರ್ ಫೈಲ್‌ನಲ್ಲಿ ಉಳಿದದ್ದು ಒಂಬತ್ತು ಸಾಲು. ಎರಡು ವಾರ ಬಿಟ್ಟು ಅದನ್ನೂ ತೆಗೆದು ಒಂದೇ ಫೈಲ್ ಮಾಡಿದೆ.

ಹಂತ 6: ಕೋಡ್ ಒಳಗೆ ಬಳಸುವ ರೀತಿ

ನಿಮ್ಮ ಪ್ರಾಜೆಕ್ಟ್‌ನ ಸೆಟ್ಟಿಂಗ್ಸ್ ಫೈಲ್ಲನ್ನು ನೇರವಾಗಿ ಇಂಪೋರ್ಟ್ ಮಾಡಬೇಡಿ. 'ಜಾಂಗೋ ಡಾಟ್ ಕಾನ್ಫ್' ಒಳಗಿನ ಸೆಟ್ಟಿಂಗ್ಸ್ ತಂದುಕೊಳ್ಳಿ. ಆಗ ಯಾವ ಫೈಲ್ ಓಡುತ್ತಿದೆಯೋ ಅದರ ವ್ಯಾಲ್ಯೂ ಸಿಗುತ್ತದೆ, ಟೆಸ್ಟ್‌ನಲ್ಲಿ 'ಓವರ್‌ರೈಡ್ ಸೆಟ್ಟಿಂಗ್ಸ್' ಕೆಲಸ ಮಾಡುತ್ತದೆ.

ಫಂಕ್ಷನ್‌ನ ಡಿಫಾಲ್ಟ್ ಆರ್ಗ್ಯುಮೆಂಟ್‌ಗೆ ಸೆಟ್ಟಿಂಗ್ ಕೊಟ್ಟರೆ ಆ ಫೈಲ್ ಲೋಡ್ ಆದಾಗಲೇ ವ್ಯಾಲ್ಯೂ ಅಂಟಿಕೊಂಡುಬಿಡುತ್ತದೆ. ಟೆಸ್ಟ್‌ನಲ್ಲಿ ಬದಲಿಸಿದರೂ ಹಳೆಯದೇ ಇರುತ್ತದೆ. ಕ್ಲಾಸ್‌ನ ಮೈಮೇಲೆ 'ಪ್ಯಾಜಿನೇಟ್ ಬೈ' (ಒಂದು ಪುಟಕ್ಕೆ ಎಷ್ಟು ಸಾಲು) ಬರೆದರೂ ಹಾಗೇ. ಫಂಕ್ಷನ್ ಒಳಗೆ ಓದಿ. ಮಾಡೆಲ್‌ನ ಫೀಲ್ಡ್‌ಗಳಲ್ಲಿ ಅಕ್ಷರಗಳ ಮಿತಿಯನ್ನೋ ಆಯ್ಕೆ ಪಟ್ಟಿಯನ್ನೋ ಸೆಟ್ಟಿಂಗ್‌ನಿಂದ ಕೊಟ್ಟರೆ, ಅದನ್ನು ಮುಟ್ಟಿದಾಗಲೆಲ್ಲ ಹೊಸ ಮೈಗ್ರೇಶನ್ (ಮಾಡೆಲ್‌ನ ಬದಲಾವಣೆಯನ್ನು ದಾಖಲಿಸುವ ಫೈಲ್) ಬೇಕು ಅನ್ನುತ್ತದೆ. ಅಲ್ಲಿ ಬೇಡ.

ಹಂತ 7: ಟೆಂಪ್ಲೇಟ್, ಜಾವಾಸ್ಕ್ರಿಪ್ಟ್

ನಾನು ಸಿಕ್ಕಿಬಿದ್ದ ಜಾಗ ಇದು. ಸರ್ವರ್‌ನಲ್ಲಿ ಪೈಥಾನ್, ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್. ಎರಡರ ನಡುವೆ ಮಾತುಕತೆ ಇಲ್ಲದಿದ್ದರೆ ಪ್ರೋಗ್ರಾಮರ್ ಎರಡೂ ಕಡೆ ಅಂಕಿ ಬರೆಯುತ್ತಾನೆ.

ಬಹುಪಾಲು ಪುಟಗಳಿಗೆ ಬೇಕಾದ ವ್ಯಾಲ್ಯೂ (ಘಟಕದ ಹೆಸರು, ಫೋನ್ ನಂಬರ್, ಸೈಟ್ ಯುಆರ್‌ಎಲ್) ಇದ್ದರೆ ಒಂದು ಕಾಂಟೆಕ್ಸ್ಟ್ ಪ್ರೊಸೆಸರ್ ಬರೆಯಿರಿ, ಅದು ಎಲ್ಲ ಟೆಂಪ್ಲೇಟ್‌ಗೂ ಆ ವ್ಯಾಲ್ಯೂ ತಲುಪಿಸುತ್ತದೆ. ನಾಲ್ಕು ಸಾಲಿನ ಫಂಕ್ಷನ್. ಬೇಕಾದವನ್ನು ಹೆಸರು ಹಿಡಿದು ಕೊಡಿ. ಸೋಮಾರಿತನಕ್ಕೆ ಇಡೀ ಸೆಟ್ಟಿಂಗ್ಸ್ ಕೊಟ್ಟರೆ ಸೀಕ್ರೆಟ್ ಕೀ ಕೂಡ ಟೆಂಪ್ಲೇಟ್ ಕೈಗೆ ಸಿಗುತ್ತದೆ.

ಜಾವಾಸ್ಕ್ರಿಪ್ಟ್‌ಗೆ 'ಜೇಸನ್ ಸ್ಕ್ರಿಪ್ಟ್' ಅನ್ನುವ ಫಿಲ್ಟರ್ ಇದೆ. ಜಾಂಗೋ 2.1ರಿಂದ ಬಂದದ್ದು. ಪೈಥಾನ್‌ನ ಡಿಕ್ಷನರಿಯನ್ನು ಒಂದು ಐಡಿ ಕೊಟ್ಟು ಪುಟದಲ್ಲಿ ಸುರಕ್ಷಿತವಾಗಿ ಇಳಿಸುತ್ತದೆ. ಜಾವಾಸ್ಕ್ರಿಪ್ಟ್ ಆ ಐಡಿ ಹುಡುಕಿ, ಒಳಗಿನದನ್ನು ಪಾರ್ಸ್ ಮಾಡಿ ಬಳಸುತ್ತದೆ. ಡಬಲ್ ಬ್ರಾಕೆಟ್ ಹಾಕಿ ಸ್ಕ್ರಿಪ್ಟ್ ಟ್ಯಾಗ್ ಒಳಗೆ ನೇರ ತುರುಕುವುದಕ್ಕಿಂತ ಇದು ಎಷ್ಟೋ ಮೇಲು. ಗಿರಾಕಿಯ ಹೆಸರಿನಲ್ಲಿ ಒಂದು ಉದ್ಧರಣ ಚಿಹ್ನೆ ಬಂದರೂ ಪುಟ ಒಡೆಯುವುದಿಲ್ಲ.

ಆದರೆ ನನ್ನ ಆರ್ಡರ್ ಸ್ಕ್ರೀನ್‌ಗೆ ನಾನು ಇದನ್ನೂ ಮಾಡಲಿಲ್ಲ. ದರ ಕಳಿಸಿದರೆ ಸಾಲದು, ₹2,500ರ ಗಡಿ ನೋಡುವ ಲೆಕ್ಕವನ್ನೂ ಜಾವಾಸ್ಕ್ರಿಪ್ಟ್‌ನಲ್ಲಿ ಮತ್ತೆ ಬರೆಯಬೇಕಾಗುತ್ತಿತ್ತು. ಅಂಕಿ ಒಂದೇ ಕಡೆ, ಲೆಕ್ಕ ಎರಡು ಕಡೆ. ಇದೂ ಪುನರಾವರ್ತನೆಯೇ. ಅದರ ಬದಲು ಪೀಸ್, ಬೆಲೆ ಟೈಪ್ ಆದ ಕೂಡಲೇ ಸರ್ವರ್‌ಗೆ ಕೇಳಿ ಒಟ್ಟು ಮೊತ್ತ ತರಿಸುವಂತೆ ಮಾಡಿದೆ. ಕಣ್ಣು ಮಿಟುಕಿಸುವಷ್ಟು ತಡ ಆಗುತ್ತದೆ. ಯಾರೂ ದೂರಿಲ್ಲ.

ಪುಟಗಳ ವಿಳಾಸಕ್ಕೆ ಟೆಂಪ್ಲೇಟ್‌ನಲ್ಲಿ 'ಯುಆರ್‌ಎಲ್' ಟ್ಯಾಗ್, ಪೈಥಾನ್‌ನಲ್ಲಿ 'ರಿವರ್ಸ್'. 'ಲಾಗಿನ್ ಯುಆರ್‌ಎಲ್' ಸೆಟ್ಟಿಂಗ್‌ಗೂ ಪಾತ್ ಬದಲು ಹೆಸರು ಕೊಡಬಹುದು.

ಹಂತ 8: ಜಿಎಸ್‌ಟಿ ದರಕ್ಕೆ ಒಂದು ಟೇಬಲ್

ಈಗ ಆ 12. ಅದನ್ನು ಸೆಟ್ಟಿಂಗ್ಸ್ ಫೈಲ್‌ನಲ್ಲಿ ಒಂದೇ ಕಡೆ ಇಟ್ಟು, 22ರಂದು 5 ಮಾಡಿದ್ದರೆ ಸಾಕಿತ್ತೇ? ಸಾಕಾಗುತ್ತಿರಲಿಲ್ಲ. ಆಗಸ್ಟ್ ತಿಂಗಳ ಬಿಲ್ಲನ್ನು ಅಕ್ಟೋಬರ್‌ನಲ್ಲಿ ಮತ್ತೆ ಪ್ರಿಂಟ್ ತೆಗೆದರೆ ಅದರಲ್ಲಿ ಶೇ 12 ಇರಬೇಕು. ಸೆಟ್ಟಿಂಗ್‌ಗೆ ನಿನ್ನೆಯ ನೆನಪಿಲ್ಲ.

ಆದ್ದರಿಂದ ಡೇಟಾಬೇಸ್‌ನಲ್ಲಿ ಒಂದು ಟೇಬಲ್ ಮಾಡಿದೆ. ನಾಲ್ಕೇ ಕಾಲಂ: ಯಾವ ದಿನದಿಂದ, ಪೀಸ್ ಬೆಲೆಯ ಗಡಿ, ಗಡಿಯೊಳಗಿನ ದರ, ಗಡಿ ದಾಟಿದ ದರ. ಮೊದಲ ಸಾಲಿನಲ್ಲಿ 1,000, 5, 12. ಎರಡನೆಯದರಲ್ಲಿ 2025 ಸೆಪ್ಟೆಂಬರ್ 22, 2,500, 5, 18. ಒಂದು ಫಂಕ್ಷನ್ ದಿನಾಂಕ ಮತ್ತು ಬೆಲೆ ತೆಗೆದುಕೊಂಡು, ಆ ದಿನಕ್ಕೆ ಅನ್ವಯವಾಗುವ ಸಾಲು ಹುಡುಕಿ ದರ ಹೇಳುತ್ತದೆ. ಬಿಲ್, ಸ್ಕ್ರೀನ್, ರಿಪೋರ್ಟ್, ವಾಟ್ಸ್‌ಆ್ಯಪ್ ಎಲ್ಲವೂ ಅದನ್ನೇ ಕೇಳುತ್ತವೆ. ಅರ್ಧ ಅರ್ಧ ಮಾಡುವುದು ಕೂಡ ಅದೇ ದರದಿಂದ, ಆರು ಅನ್ನುವ ಅಂಕಿ ಎಲ್ಲೂ ಇಲ್ಲ. ಆಂಧ್ರದ ಗಿರಾಕಿಗೆ ಮಾಲು ಹೋದರೆ ಅರ್ಧ ಮಾಡದೆ ಪೂರ್ತಿ ಐಜಿಎಸ್‌ಟಿ (ಬೇರೆ ರಾಜ್ಯಕ್ಕೆ ಮಾರಿದಾಗಿನ ಜಿಎಸ್‌ಟಿ). ನಮ್ಮ ರಾಜ್ಯದ ಕೋಡ್ 29 ಅನ್ನುವುದನ್ನೂ ಕೈಯಾರೆ ಬರೆಯಬೇಕಿಲ್ಲ. ಘಟಕದ ಜಿಎಸ್‌ಟಿ ನಂಬರ್‌ನ ಮೊದಲ ಎರಡು ಅಂಕಿ ಅದೇ ತಾನೇ.

ಮೊತ್ತಕ್ಕೆಲ್ಲ ಡೆಸಿಮಲ್ ಬಳಸಿ, ಫ್ಲೋಟ್ ಬೇಡ, ಅದರಲ್ಲಿ ಪೈಸೆ ಲೆಕ್ಕ ಸ್ವಲ್ಪ ತಪ್ಪಬಹುದು. ಬಿಲ್ ಅಂತಿಮವಾದಾಗ ಆ ದಿನದ ದರವನ್ನು ಬಿಲ್‌ನ ಸಾಲಿನಲ್ಲೇ ಬರೆದಿಡಿ. ಇದು ಪುನರಾವರ್ತನೆ ಅಲ್ಲವೇ ಅಂತ ಕೇಳಬಹುದು. ಅಲ್ಲ. ಟೇಬಲ್‌ನಲ್ಲಿ ಇರುವುದು ನಿಯಮ, ಬಿಲ್‌ನಲ್ಲಿ ಇರುವುದು ನಡೆದ ಸಂಗತಿ.

ಊರುಗಳ ಪಟ್ಟಿಗೂ ಇದೇ ಮಾತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಆ ಕಡೆ ಹೋದವು. ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಸಂಡೂರು, ಕಂಪ್ಲಿ ಈ ಕಡೆ ಉಳಿದವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರದಲ್ಲಿದೆ. ತಾಲೂಕಿನ ಹೆಸರನ್ನು ಡ್ರಾಪ್‌ಡೌನ್‌ನಲ್ಲೊಮ್ಮೆ, ವ್ಯಾಲಿಡೇಶನ್‌ನಲ್ಲೊಮ್ಮೆ, ರಿಪೋರ್ಟ್‌ನಲ್ಲೊಮ್ಮೆ ಬರೆದವರ ಪಾಡು ಊಹಿಸಿ. 2014ರ ನವೆಂಬರ್ 1ರಂದು ಬಳ್ಳಾರಿಯ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾದದ್ದು ಬೇರೆ ಕಥೆ. ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದವರು ಆವತ್ತು ಬಚಾವ್.

ಹಂತ 9: ಜಾಂಗೋ ಹೊರಗೂ ಒಮ್ಮೆ ನೋಡಿ

ಸ್ಯಾಂಪಲ್ ಪ್ಯಾಂಟಿನ ಫೋಟೋ ಅಪ್‌ಲೋಡ್ ಆಗುತ್ತಿಲ್ಲ ಅಂತ ದೂರು. ಫಾರ್ಮ್‌ನಲ್ಲಿ 5 ಎಂಬಿ ಮಿತಿ ಇಟ್ಟಿದ್ದೆ, ಫೋಟೋ 4 ಎಂಬಿ. ಬರುತ್ತಿದ್ದದ್ದು 413, ಅಂದರೆ 'ಕಳಿಸಿದ್ದು ತೀರಾ ದೊಡ್ಡದು' ಅನ್ನುವ ಎರರ್. ಅದನ್ನು ಕೊಡುತ್ತಿದ್ದದ್ದು ಮುಂದೆ ಕೂತ ಎನ್‌ಜಿನ್‌ಎಕ್ಸ್. ನೀವು ಹೇಳದಿದ್ದರೆ ಅದು 1 ಎಂಬಿಗಿಂತ ದೊಡ್ಡದನ್ನು ಒಳಗೆ ಬಿಡುವುದಿಲ್ಲ. ಜಾಂಗೋದಲ್ಲಿ 'ಫೈಲ್ ಅಪ್‌ಲೋಡ್ ಮ್ಯಾಕ್ಸ್ ಮೆಮರಿ ಸೈಜ್' 2.5 ಎಂಬಿ ಅಂತ ಇದೆಯಲ್ಲ, ಅದು ಮಿತಿ ಅಲ್ಲ. ಅದಕ್ಕಿಂತ ದೊಡ್ಡ ಫೈಲ್ ಮೆಮರಿ ಬಿಟ್ಟು ಡಿಸ್ಕ್‌ಗೆ ಹೋಗುತ್ತದೆ, ಅಷ್ಟೇ. ಅದನ್ನು ಏರಿಸಿ ಅರ್ಧ ದಿನ ಕಳೆದವರಲ್ಲಿ ನಾನೂ ಒಬ್ಬ.

ಎನ್‌ಜಿನ್‌ಎಕ್ಸ್ ಫೈಲ್‌ಗೆ ಪೈಥಾನ್ ಗೊತ್ತಿಲ್ಲ. ಹಾಗಾಗಿ ಅದನ್ನು ಟೆಂಪ್ಲೇಟ್ ಮಾಡಿ, 'ಎನ್ವ್‌ಸಬ್ಸ್ಟ್' ಕಮಾಂಡ್‌ನಿಂದ ಡಾಟ್ ಎನ್ವ್‌ನ ಅದೇ ವ್ಯಾಲ್ಯೂ ತುಂಬಿಸಿ. ಜಾಂಗೋ ಕೂಡ ಅದನ್ನೇ ಓದಲಿ. ಬ್ಯಾಕಪ್ ಸ್ಕ್ರಿಪ್ಟ್, ಕ್ರಾನ್ (ಹೇಳಿದ ಹೊತ್ತಿಗೆ ಕೆಲಸ ಓಡಿಸುವುದು), ಸಿಸ್ಟಮ್‌ಡಿ (ಸರ್ವರ್‌ನಲ್ಲಿ ಆ್ಯಪ್ ಎಬ್ಬಿಸಿ ಓಡಿಸುವುದು) ಎಲ್ಲಕ್ಕೂ ಅದೇ ಫೈಲ್ ತೋರಿಸಿ. ಬ್ಯಾಕಪ್ ಸ್ಕ್ರಿಪ್ಟ್‌ನಲ್ಲಿ ಹಳೆಯ ಪಾಸ್‌ವರ್ಡ್ ಉಳಿದಿದ್ದರೆ ಬ್ಯಾಕಪ್ ನಿಂತಿರುತ್ತದೆ, ಅದು ಗೊತ್ತಾಗುವುದು ಬ್ಯಾಕಪ್ ಬೇಕಾದ ದಿನವೇ.

ಹಂತ 10: ಟೆಸ್ಟ್‌ನಲ್ಲಿ ಮಾತ್ರ ಅಂಕಿ ಮತ್ತೆ ಬರೆಯಿರಿ

ಮೊದಲು ಸರ್ವರ್‌ನಲ್ಲಿ 'ಡಿಫ್ ಸೆಟ್ಟಿಂಗ್ಸ್' ಕಮಾಂಡ್ ಓಡಿಸಿ. ಜಾಂಗೋದ ಡಿಫಾಲ್ಟ್‌ಗಿಂತ ಬೇರೆಯಾದ ಎಲ್ಲ ಸೆಟ್ಟಿಂಗ್ ತೋರಿಸುತ್ತದೆ. ಟ್ರಸ್ಟೆಡ್ ಒರಿಜಿನ್ಸ್‌ನಲ್ಲಿ ಇನ್ನೂ ಲೋಕಲ್‌ಹೋಸ್ಟ್ ಇದ್ದರೆ ಇಲ್ಲಿ ಕಾಣುತ್ತದೆ. ಅದರಲ್ಲಿ ಪಾಸ್‌ವರ್ಡ್ ಕೂಡ ಕಾಣುತ್ತದೆ, ಸ್ಕ್ರೀನ್‌ಶಾಟ್ ತೆಗೆದು ಗ್ರೂಪ್‌ಗೆ ಹಾಕಬೇಡಿ. ಆಮೇಲೆ 'ಚೆಕ್ ಡಿಪ್ಲಾಯ್', ಸರ್ವರ್‌ಗೆ ತಕ್ಕ ಸುರಕ್ಷತೆಯ ಸೆಟ್ಟಿಂಗ್‌ಗಳಿವೆಯೇ ಅಂತ ನೋಡುವ ಕಮಾಂಡ್.

ಕೊನೆಗೆ ಟೆಸ್ಟ್. ಇಷ್ಟು ಹೊತ್ತು ಒಂದೇ ಕಡೆ ಬರೆಯಿರಿ ಅಂದವನು ಇಲ್ಲಿ ಉಲ್ಟಾ ಹೇಳುತ್ತೇನೆ. ಟೆಸ್ಟ್‌ನಲ್ಲಿ ಉತ್ತರವನ್ನು ಟೇಬಲ್‌ನಿಂದ ಲೆಕ್ಕ ಹಾಕಿ ಹೋಲಿಸಬೇಡಿ. ಟೇಬಲ್ ತಪ್ಪಿದ್ದರೆ ಉತ್ತರವೂ ಅದೇ ತಪ್ಪಿನದು, ಟೆಸ್ಟ್ ಖುಷಿಯಾಗಿ ಪಾಸ್ ಆಗುತ್ತದೆ. ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿ, ಅಂಕಿಯನ್ನೇ ಬರೆಯಿರಿ. ನಾನು ಬರೆದದ್ದು ಆರು ಸಾಲು. ಸೆಪ್ಟೆಂಬರ್ 21ಕ್ಕೆ ₹1,000ದ ಪ್ಯಾಂಟಿಗೆ ತೆರಿಗೆ 50. ಅದೇ ದಿನ ₹1,001ಕ್ಕೆ 120.12, ₹1,250ಕ್ಕೆ 150. ಸೆಪ್ಟೆಂಬರ್ 22ಕ್ಕೆ ₹1,250ಕ್ಕೆ 62.50, ₹2,500ಕ್ಕೆ 125, ₹2,501ಕ್ಕೆ 450.18. ಗಡಿಯ ಈಚೆ ಒಂದು, ಆಚೆ ಒಂದು.

ಮೊದಲ ಸಲ ಓಡಿಸಿದಾಗ ₹2,500ರ ಸಾಲು ಬಿತ್ತು. 'ಗಡಿಗಿಂತ ಕಮ್ಮಿ' ಅಂತ ಬರೆದಿದ್ದೆ, 'ಕಮ್ಮಿ ಅಥವಾ ಸಮ' ಆಗಬೇಕಿತ್ತು. ತಿದ್ದಿದೆ, ಆರೂ ಪಾಸಾದವು. ಸರ್ವರ್‌ಗೆ ಕಳಿಸಿ ಘಟಕಕ್ಕೆ ಫೋನ್ ಮಾಡಿ, ಸ್ಕ್ರೀನ್ ಒಮ್ಮೆ ರಿಫ್ರೆಶ್ ಮಾಡಿ ಅಂದೆ. "ಈಗ ಎರಡೂ ಕಡೆ ಐವತ್ತೆರಡು ಸಾವಿರದ ಐನೂರು ಐತಿ ಸರ್" ಅಂದರು. ಆ ಬುಧವಾರದ್ದೇ ಆರ್ಡರ್, ಅದೇ 40 ಪ್ಯಾಂಟು.